ದೊರೆಸಾನಿಯ ತೇಗು

ಸೆಪ್ಟೆಂಬರ್ 2, ಸೋಮವಾರ

ಈ ಭೂಮಿಯ ಮೇಲೆ ಹಸುಗಳ ಭಾಷೆ ಬಲ್ಲ ಮನುಷ್ಯ ನಾನೊಬ್ಬನೇ. ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಒಮ್ಮೆ ಬಿರುಗಾಳಿಯಲ್ಲಿ ದಿಕ್ಕಾಪಾಲಾಗಿದ್ದ ಇನ್ನೂರು ಹಸುಗಳನ್ನು ಒಂದೇ ಒಂದು ಕೆಮ್ಮಿನಿಂದ ಸಾಲಾಗಿ ನಿಲ್ಲಿಸಿದವನು ನಾನು. ನಮ್ಮಲ್ಲಿ ಇರುವುದು ಇಪ್ಪತ್ತನಾಲ್ಕು. ಉಳಿದವು ನನ್ನ ಹೆಸರು ಕೇಳಿ ಬಂದಿದ್ದವು.

ಇಂಥ ನನಗೆ ಪಾಠ ಹೇಳಲು ಇಂದು ಅಕ್ಕನ ಮಗಳು ಪುಟ್ಟಿ ಬಂದಿಳಿದಿದ್ದಾಳೆ. ಡೈರಿಯ ಪರೀಕ್ಷಾ ವಿಭಾಗದಲ್ಲಿ ಅವಳಿಗೆ ಕೆಲಸ. ಹಾಲಿನ ವ್ಯಾನಿನ ಹಿಂದೆ ಕಟ್ಟಿಸಿಕೊಂಡು ಒಂದು ಪೆಟ್ಟಿಗೆ ತಂದಿದ್ದಾಳೆ. ಬೀರುವಿಗೆ ಗಾಲಿ ಹಾಕಿದ ಹಾಗಿದೆ. ಮುಂಭಾಗದಲ್ಲಿ ಹಸುವಿನ ಮುಖ ತೂರುವಷ್ಟು ಕಿಂಡಿ. ಮುಖ ತೂರಿಸಿದರೆ ಒಂದು ಹಿಡಿ ಹಿಂಡಿ ಬೀಳುತ್ತದೆ. ಹಸು ಅದನ್ನು ತಿನ್ನುತ್ತಿರುವಾಗ ಪೆಟ್ಟಿಗೆ ಅದರ ಉಸಿರನ್ನು ಎಳೆದುಕೊಂಡು, ಅದರಲ್ಲಿ ಮೀಥೇನ್ ಎಂಬ ಗಾಳಿ ಎಷ್ಟಿದೆ ಎಂದು ಅಳೆಯುತ್ತದೆ. ಆ ಗಾಳಿ ಮೇಲೆ ಸೇರಿ ಭೂಮಿಯನ್ನು ಬಿಸಿ ಮಾಡುತ್ತದಂತೆ.

ನಾನು ಸುಮ್ಮನಿರಲಿಲ್ಲ. "ಪುಟ್ಟಿ, ಪೆಟ್ಟಿಗೇನ ಹಿಂದುಮುಂದು ಮಾಡಿದ್ದೀಯ. ಗಾಳಿ ಬರೋದು ಆ ಕಡೆಯಿಂದ ಕಣೇ" ಎಂದು ನನ್ನ ಮುದ್ದಿನ ಹಸು ದೊರೆಸಾನಿಯ ಬಾಲ ತೋರಿಸಿದೆ.

"ಇಲ್ಲ ಮಾವ. ಈ ಕಡೆಯಿಂದ್ಲೇ. ತೇಗು."

ವ್ಯಾನಿನ ಡ್ರೈವರ್ ನಕ್ಕ. ಇವಳೂ ನಕ್ಕಳು (ಇವಳು ಎಂದರೆ ನನ್ನ ಹೆಂಡತಿ). ಮಧ್ಯಾಹ್ನ ಯಾರಿಗೂ ಹೇಳದೆ ಹೋಗಿ ದೊರೆಸಾನಿಯ ಮುಂದೆ ಕುಳಿತು ನೋಡಿದೆ. ಮೆಲುಕಿನ ಉಂಡೆ ಗಂಟಲಲ್ಲಿ ಇಳಿಯುತ್ತದೆ, ಕುತ್ತಿಗೆ ಸ್ವಲ್ಪ ಮುಂದೆ ಬರುತ್ತದೆ, ಹಾ ಎಂದು ಬಿಸಿಯುಸಿರು. ಹೌದು, ತೇಗು! ಇಷ್ಟು ವರ್ಷ ಅದನ್ನು ನಿಟ್ಟುಸಿರು ಎಂದುಕೊಂಡಿದ್ದೆ. ಪಾಪ, ಏನು ಚಿಂತೆಯೋ ಎಂದು ಬೆನ್ನು ಸವರುತ್ತಿದ್ದೆ.

ಸೆಪ್ಟೆಂಬರ್ 4

ನನ್ನ ಹುಲ್ಲುಗಾವಲಿಗೆ ನಡುವೆ ಗೆರೆ ಬಿತ್ತು. ಎಡ ಅರ್ಧ ನನ್ನ ಪದ್ಧತಿ, ಬಲ ಅರ್ಧ ಪುಟ್ಟಿಯ ಪದ್ಧತಿ. ಹನ್ನೆರಡು ಹಸುಗಳಿಗೆ ನೀಲಿ ಪಟ್ಟಿ ಕಟ್ಟಿ ನನ್ನ ಕಡೆ, ಹನ್ನೆರಡಕ್ಕೆ ಕೆಂಪು ಕಟ್ಟಿ ಅವಳ ಕಡೆ. ದೊರೆಸಾನಿ ನೀಲಿ. ಅವಳನ್ನು ನಾನು ಬಿಟ್ಟುಕೊಡುವವನೇ?

ನನ್ನ ಪದ್ಧತಿ ಸುಲಭ. ಗೇಟು ತೆಗೆಯುವುದು, ಮರದ ಕೆಳಗೆ ಮಲಗುವುದು. ಹುಲ್ಲು ಸೊಂಟದೆತ್ತರ ನಿಂತಿದೆ, ಚಿನ್ನದ ಬಣ್ಣ ತಿರುಗಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಪುಟ್ಟಿಯ ಕಡೆಯದನ್ನು ನೋಡಿದರೆ ನಗು ಬರುತ್ತದೆ. ಹೋದ ತಿಂಗಳೇ ಆಳು ಕಳಿಸಿ ಆ ಅರ್ಧವನ್ನೆಲ್ಲ ಕತ್ತರಿಸಿ ಹಾಕಿಸಿದ್ದಳು. ಈಗ ಚಿಗುರುತ್ತಿರುವುದನ್ನು ತೆಳು ಕರೆಂಟ್ ತಂತಿ ಎಳೆದು ಸೀಳು ಸೀಳು ಪಟ್ಟಿಗಳಾಗಿ ಮಾಡಿದ್ದಾಳೆ. ದಿನಕ್ಕೊಂದು ಪಟ್ಟಿ. ಮೇಯ್ದ ಪಟ್ಟಿಗೆ ಬಿಡುವು, ಹುಲ್ಲು ಮತ್ತೆ ಎದ್ದ ಮೇಲೇ ಹಸು ಕಾಲಿಡಬೇಕು.

"ಹುಲ್ಲಿಗೆ ರಜಾನಾ? ನಂಗೇ ಇಲ್ಲವಲ್ಲೇ!"

"ನಿಮ್ಗೆ ದಿನಾ ರಜಾನೇ ಅಲ್ವಾ ಮಾವ."

ಅವಳ ವಾದ ಇಷ್ಟು. ಬಲಿತ ದಂಟು ಹಸುವಿನ ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಅಲ್ಲೇ ಕೊಳೆಯುತ್ತಾ ಕೂರುತ್ತದೆ, ಗಾಳಿ ಹೆಚ್ಚು. ಎಳೆಯ ಎಲೆ ಬೇಗ ಕರಗುತ್ತದೆ, ಒಂದು ಲೀಟರ್ ಹಾಲಿಗೆ ಲೆಕ್ಕ ಹಾಕಿದರೆ ಗಾಳಿ ಕಡಿಮೆ. ಹಾಲಾಗಬೇಕಾದ ಮೇವೇ ತೇಗಾಗಿ ಹಾರಿಹೋಗುತ್ತದಂತೆ. ಆಗಲಿ, ನೋಡೋಣ ಎಂದೆ.

ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ಪರೀಕ್ಷಿಸಿದೆ. ಇದೆ.

ಹಾಲಿನ ಕ್ಯಾನು ಏರಿಸುವ ಕಟ್ಟೆಯ ಮೇಲೆ ಡ್ರೈವರ್ ಕೆಣಕಿದ. "ಯಜಮಾನ್ರೇ, ಹುಡುಗಿ ಗೆಲ್ತಾಳೆ ನೋಡಿ." ಪಂದ್ಯ ಕಟ್ಟಿದೆ. ಕೊನೆಯ ಲೆಕ್ಕದ ಸರಾಸರಿಯಲ್ಲಿ ನನ್ನ ಕಡೆಯ ಗಾಳಿ ಪುಟ್ಟಿಯ ಕಡೆಯದಕ್ಕಿಂತ ಒಂದು ಚಿಟಿಕೆಯೂ ಹೆಚ್ಚಿರಬಾರದು. ಹೆಚ್ಚಿದ್ದರೆ ನಾನು ಸೋತೆ. ಜುಜುಬಿ ಐನೂರು.

ಸೆಪ್ಟೆಂಬರ್ 17

ಮೊದಲ ಲೆಕ್ಕ ಬಂತು.

ನೀಲಿ ಹಸುಗಳ ಗಾಳಿ ಹೆಚ್ಚು. ಸ್ವಲ್ಪವಲ್ಲ, ಬಹಳ. ಅವುಗಳಲ್ಲಿ ಎಲ್ಲಕ್ಕಿಂತ ಮೇಲೆ ಯಾರು? ದೊರೆಸಾನಿ! ನನ್ನ ಕೈಯಲ್ಲೇ ಹುಟ್ಟಿದವಳು, ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು.

"ಪೆಟ್ಟಿಗೆ ಕೆಟ್ಟಿದೆ" ಎಂದೆ.

"ಹೊಸದು ಮಾವ."

"ಹಾಗಾದ್ರೆ ಇನ್ನೂ ಕಲಿತಿಲ್ಲ."

ಪುಟ್ಟಿ ನನ್ನ ಸೊಂಟದೆತ್ತರದ ಹುಲ್ಲಿನಿಂದ ಒಂದು ಕಡ್ಡಿ ಕಿತ್ತು ಕೈಗೆ ಕೊಟ್ಟಳು. "ಅಗಿದು ನೋಡಿ." ಅಗಿದೆ. ಪೊರಕೆ ಕಡ್ಡಿ. ತನ್ನ ಕಡೆಯದರಿಂದ ಒಂದು ಎಲೆ ಕೊಟ್ಟಳು. ಅದನ್ನೂ ಅಗಿದೆ. ಏನು ರುಚಿಯೆಂದು ಅವಳಿಗೆ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಊಟಕ್ಕೆ ಕುಳಿತಾಗ ಇವಳು ಕೇಳಿದಳು. "ಏನ್ರೀ, ಹಲ್ಲಲ್ಲಿ ಹುಲ್ಲು ಸಿಕ್ಕೊಂಡಿದೆ?"

ಸೆಪ್ಟೆಂಬರ್ 18

ಉಪಾಯ ಹೊಳೆಯಿತು. ನನ್ನ ತಲೆಗೆ ನಾನೇ ಕೈ ಮುಗಿಯಬೇಕು.

ಬೆಳಿಗ್ಗೆ ಹಾಲು ಕರೆದ ಮೇಲೆ ವ್ಯಾನ್ ಬರುತ್ತದೆ. ಪುಟ್ಟಿ ಹಾಲಿನ ಮಾದರಿ ಶೀಸೆಗಳನ್ನು ಹಿಡಿದು ಅದರಲ್ಲೇ ಡೈರಿಗೆ ಹೋಗುತ್ತಾಳೆ, ಮಧ್ಯಾಹ್ನಕ್ಕೆ ವಾಪಸು. ಗೇಟು ದಾಟುವಾಗ ಡ್ರೈವರ್ ಎರಡು ಸಲ ಉದ್ದಕ್ಕೆ ಹಾರ್ನ್ ಹೊಡೆಯುತ್ತಾನೆ, ಅವನ ಹಳೇ ಚಾಳಿ. ಆ ಹಾರ್ನ್ ಕೇಳಿಸಿದರೆ ಹುಲ್ಲುಗಾವಲಿಗೆ ನಾನೇ ರಾಜ.

ಪುಟ್ಟಿಯ ಕಡೆ ದಿಬ್ಬದ ಹಿಂದೆ ಕೆಲವು ಪಟ್ಟಿಗಳನ್ನು ಸುಮ್ಮನೆ ಬಿಟ್ಟಿದ್ದಾಳೆ, ಹುಲ್ಲು ಸಾಲದೆ ಬಂದರೆ ಇರಲಿ ಎಂದು. ಇಂದು ಹಾರ್ನ್ ಹೊಡೆದೊಡನೆ ಕರೆಂಟ್ ಆರಿಸಿ ಮೂಲೆಯ ಗೂಟ ಕಿತ್ತೆ, ತಂತಿ ಮಡಚಿದೆ, ನೀಲಿ ಹಸುಗಳನ್ನು ಒಳಗೆ ನುಗ್ಗಿಸಿದೆ.

ನುಗ್ಗಿಸಿದೆ ಎಂದು ಬರೆದದ್ದು ತಪ್ಪು. ತಂತಿ ಪೂರ್ತಿ ಬೀಳುವ ಮುಂಚೆಯೇ ದೊರೆಸಾನಿ ನನ್ನ ಕಾಲು ತುಳಿದುಕೊಂಡು ಓಡಿದಳು. ಚಿನ್ನದಂಥ ಹುಲ್ಲು ಬಿಟ್ಟು! ಹಿಂದಿರುಗಿ ನೋಡಲಿಲ್ಲ. ನಾನು ಗೂಟ ಹಿಡಿದು ಗೂಟದ ಹಾಗೆ ನಿಂತೆ.

ಸೆಪ್ಟೆಂಬರ್ 24

ಈ ಕೆಲಸ ಕಂಡವರೆಲ್ಲ ಮಾಡುವಂಥದ್ದಲ್ಲ. ಒಂದೇ ಪಟ್ಟಿಯಲ್ಲಿ ಹೊತ್ತು ಮೀರಿ ಬಿಟ್ಟರೆ ಬುಡದವರೆಗೆ ಕೆರೆದು ತಿಂದು ಬೋಳು ಮಾಡಿಬಿಡುತ್ತವೆ, ಪುಟ್ಟಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಗೇಣುದ್ದ ಉಳಿದಿರುವಾಗಲೇ ಹೊರಗೆ ಹೊಡೆಯುತ್ತೇನೆ. ಮರುದಿನ ಪಕ್ಕದ ಪಟ್ಟಿ. ಮೊದಲ ಪಟ್ಟಿಗೆ ತಿರುಗಿ ಬರಬೇಕಾದರೆ ಅದು ಮತ್ತೆ ಎದ್ದಿರಬೇಕು. ಎದ್ದಿದೆಯೇ ಎಂದು ದೂರದಿಂದ ತಿಳಿಯುವುದಿಲ್ಲ, ಮಂಡಿಯೂರಿ ನೋಡಬೇಕು. ಒಂದೊಂದು ಕುಡಿಯಲ್ಲೂ ಮೂರನೇ ಎಲೆ ಬಂದಿರಬೇಕು. ಎರಡೇ ಇದ್ದರೆ ಬೇರು ಸೊರಗುತ್ತದೆ. ನಾಲ್ಕನೆಯದು ಬಂದರೆ ಅಡಿಯ ಎಲೆ ಒಣಗಲು ಶುರು. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ. ಕಳ್ಳನಿಗೆ ಕಣ್ಣು ಚುರುಕಾಗಿರಬೇಕು, ಅಷ್ಟೆ.

ಇಂದು ಪುಟ್ಟಿ ಅಳತೆ ಕೋಲು ಹಿಡಿದು ದಿಬ್ಬದ ಹಿಂದೆ ಹೋದಳು. ತಲೆ ಕೆರೆದುಕೊಳ್ಳುತ್ತಾ ಬಂದಳು.

"ಮಾವ, ಅಲ್ಲಿ ಯಾವ ಹಸೂನೂ ಬಿಟ್ಟಿಲ್ಲ. ಹುಲ್ಲು ಬೆಳೀತಾನೇ ಇಲ್ವಲ್ಲ?"

"ಮೊಲ ಕಣೇ."

"ಅಷ್ಟೊಂದಾ?"

ಇವಳು ಬಟ್ಟೆ ಒಣಹಾಕುತ್ತಿದ್ದವಳು ತಿರುಗದೆಯೇ ಹೇಳಿದಳು. "ಹೌದಮ್ಮ, ನಾನೂ ನೋಡ್ದೆ. ಕೊರಳಿಗೆ ನೀಲಿ ಪಟ್ಟಿ ಕಟ್ಕೊಂಡಿದ್ವು."

ಪುಟ್ಟಿ ಗೇಲಿಯೆಂದುಕೊಂಡು ನಕ್ಕಳು. ನಾನೂ ನಕ್ಕೆ. ಬೆವರು ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಆಶ್ಚರ್ಯ: ದೊರೆಸಾನಿಯ ಹಾಲು ಏರಿದೆ. ಕರೆಯುವಾಗ ನಾನು ಹಾಡುವ ಹಾಡಿನ ಮಹಿಮೆ ಇರಬೇಕು.

ಕಟ್ಟೆಯ ಮೇಲೆ ಧೈರ್ಯ ಬಂದು ಪಂದ್ಯ ಸ್ವಲ್ಪ ಏರಿಸಿದೆ. ಗೆಲ್ಲುವುದು ಗೊತ್ತಿದ್ದ ಮೇಲೆ ಜಿಪುಣತನ ಏಕೆ? ಸಾವಿರ ಇರಬಹುದು.

ಸೆಪ್ಟೆಂಬರ್ 26

ಗೂಟ ಕೀಳಲು ಬಗ್ಗಿದವನು ಏಳಲಿಲ್ಲ. ಸೊಂಟ ಹಿಡಿದಿದೆ. ಮಲಗಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 27

ಸೊಂಟ. ವ್ಯಾನ್ ಹೋದ ಮೇಲೆ ಮೂಲೆಯಿಂದ ಹಸುಗಳು ಕೂಗುವುದು ಕೇಳಿಸಿತು. ಏನು ಹೇಳುತ್ತಿವೆಯೋ ತಿಳಿಯಲಿಲ್ಲ.

ಸೆಪ್ಟೆಂಬರ್ 29

ಇವಳು ಬೆನ್ನಿಗೆ ಎಣ್ಣೆ ತಿಕ್ಕುತ್ತಾ, "ಗೂಟ ಕೀಳೋರು ಸ್ವಲ್ಪ ಮಂಡಿ ಬಗ್ಗಿಸ್ಬೇಕು" ಎಂದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅದೇ ಭಯ.

ಅಕ್ಟೋಬರ್ 1

ಎದ್ದೆ. ಹಾರ್ನ್ ಹೊಡೆಯಿತು, ಹೋದೆ. ಸಾಲಾಗಿ ನಿಂತು ಕಾಯುತ್ತಿದ್ದವು. ಐದು ದಿನ ಬರೀ ಆ ಒಣ ದಂಟು ತಿಂದು ಹೊಟ್ಟೆ ಉಬ್ಬಿಸಿಕೊಂಡಿವೆ, ಪಾಪ. ಯಾವನಯ್ಯ ಅದನ್ನು ಅಷ್ಟೆತ್ತರ ಬಲಿಯಲು ಬಿಟ್ಟವನು?

ಅಕ್ಟೋಬರ್ 9

ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕುಳಿತೆ.

ಬೆಳಿಗ್ಗೆ ಎರಡನೇ ಲೆಕ್ಕ ಬಂತು. ನೀಲಿ, ಕೆಂಪು ಎರಡೂ ಸಮ, ನೀಲಿ ಒಂದು ಚಿಟಿಕೆಯೂ ಹೆಚ್ಚಿಲ್ಲ. ಗೆದ್ದ ಹಾಗೇ ಎಂದು ಮನಸ್ಸಿನಲ್ಲೇ ಕುಣಿದೆ. ಕಟ್ಟೆಯ ಮೇಲೆ ಡ್ರೈವರಿನ ಮುಖ ಹುಳ್ಳಗಾಯಿತು. "ಏರಿಸ್ತೀಯೇನಯ್ಯ?" ಎಂದೆ. ರೋಷಕ್ಕೆ ಅವನೂ ಏರಿಸಿದ. ನಾನೂ ಏರಿಸಿದೆ. ಎಷ್ಟೆಂದು ಇಲ್ಲಿ ಬೇಡ.

ಮನೆಗೆ ಬಂದರೆ ಪುಟ್ಟಿ ಅಡುಗೆಮನೆಯಲ್ಲಿ ಇವಳ ಪಕ್ಕ ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು. ನಾನು ತಮಾಷೆಗೆ, "ಏನೇ, ಸೋತಿದ್ದಕ್ಕೆ ಅಳೋದಾ? ಮಾವನ ಮುಂದೆ ತಾನೇ ಸೋತಿದ್ದು" ಎಂದೆ.

ಅವಳು ಎದ್ದು ಹೋದಳು.

ಇವಳು ಸೌಟು ಕೆಳಗಿಟ್ಟಳು. "ಅವಳ ಮೇಲಿನ ಮೇಡಂ ಭಾನುವಾರ ಬರ್ತಾರಂತೆ. ಎರಡೂ ಕಡೆ ವ್ಯತ್ಯಾಸ ಇಲ್ಲ ಅಂದ್ಮೇಲೆ ಈ ಕೆಲಸಕ್ಕೆ ಅರ್ಥ ಇಲ್ಲ, ಪೆಟ್ಟಿಗೆ ವಾಪಸ್ ತಗೊಂಡು ಹೋಗ್ತಾರಂತೆ. ಪುಟ್ಟೀನ ತಗೊಂಡಿದ್ದೇ ಈ ಕೆಲಸಕ್ಕೆ. ಪೆಟ್ಟಿಗೆ ಹೋದ್ರೆ ಅವಳೂ ಮನೆಗೆ."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ. ನಾನು ಡ್ರೈವರನ್ನು ಸೋಲಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಅಕ್ಟೋಬರ್ 10

ಇಂದು ಗೂಟ ಕೀಳಲಿಲ್ಲ. ಹಾರ್ನ್ ಹೊಡೆದಾಗ ಕಿವಿ ಮುಚ್ಚಿಕೊಂಡು ಕೊಟ್ಟಿಗೆಯಲ್ಲಿ ಕುಳಿತೆ.

ಈಗ ನಿಲ್ಲಿಸಿ ಏನು ಪ್ರಯೋಜನ? ಲೆಕ್ಕ ಆಗಲೇ ಹೋಗಿದೆ. ಹೇಳಿಬಿಟ್ಟರೆ? ಅಕ್ಕನಿಗೆ ಏನೆಂದು ಮುಖ ತೋರಿಸಲಿ? ಪುಟ್ಟಿ ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕುಳಿತು, "ಮಾವ, ಹಸು ಈಗ ಏನು ಹೇಳ್ತು?" ಎಂದು ಕೇಳುತ್ತಿದ್ದಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವಳು ಎಲ್ಲವನ್ನೂ ನಂಬುತ್ತಿದ್ದಳು. ಮೊಲವನ್ನೂ ನಂಬಿದಳು.

ಅಕ್ಟೋಬರ್ 13, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಒಂದು ಅಕ್ಷರಕ್ಕೂ ಉಪ್ಪುಖಾರ ಹಚ್ಚಿಲ್ಲ. ಬೇಕಾಗಿಯೂ ಇಲ್ಲ.

ಮೇಡಂ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಎರಡು ಕಡೆಯ ಹುಲ್ಲನ್ನೂ ನೋಡಿದರು. ನನ್ನ ಕಡೆ ನೋಡಿ, "ಇಷ್ಟು ಬಲಿತಿರೋದನ್ನ ತಿಂದೂ ಗಾಳಿ ಸಮ ಅಂದ್ರೆ ನಮ್ಮ ಲೆಕ್ಕಾನೇ ತಪ್ಪು" ಎಂದರು. ಪುಟ್ಟಿ ತಲೆ ತಗ್ಗಿಸಿದಳು. ಪೆಟ್ಟಿಗೆಯ ವೈರುಗಳನ್ನು ಬಿಚ್ಚಲು ಒಬ್ಬ ಕೆಲಸಗಾರ ಆಗಲೇ ಬಗ್ಗಿದ್ದ. ಹೇಳಬೇಕು, ಈಗ ಹೇಳಬೇಕು ಎಂದು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ಅಷ್ಟರಲ್ಲಿ ಕ್ಯಾನು ತುಂಬಿಕೊಂಡ ವ್ಯಾನ್ ಗೇಟು ದಾಟಿತು. ಎರಡು ಸಲ ಉದ್ದಕ್ಕೆ ಹಾರ್ನ್.

ಚದುರಿ ಮೆಲುಕು ಹಾಕುತ್ತಿದ್ದ ಹನ್ನೆರಡು ನೀಲಿ ಹಸುಗಳೂ ಒಟ್ಟಿಗೆ ತಲೆ ಎತ್ತಿದವು. ಆಮೇಲೆ ಓಟ. ಕೆಚ್ಚಲು ಕುಣಿಸುತ್ತಾ, ಬಾಲ ಎತ್ತಿ, ಮುಂದೆ ದೊರೆಸಾನಿ, ಹಿಂದೆ ಉಳಿದವು. ಮೇಡಂ ಹೌಹಾರಿ ಪಕ್ಕಕ್ಕೆ ಹಾರಿದರು. ಹಸುಗಳು ನೇರ ಹೋಗಿ ನಿಂತದ್ದು ಆ ಮೂಲೆಯ ಗೂಟದ ಮುಂದೆ. ಒಂದರ ಹಿಂದೆ ಒಂದು, ಸಾಲಾಗಿ. ನಿಂತು, ಕುತ್ತಿಗೆ ತಿರುಗಿಸಿ, ಎಲ್ಲವೂ ನನ್ನ ಮುಖ ನೋಡಿದವು. ದೊರೆಸಾನಿ ಕೂಗಿದಳು, ಬೇಗ ಬಾರೋ ಎಂಬಂತೆ.

ನಾನು ಕೆಮ್ಮಿದೆ. ಯಾವುದೂ ಕದಲಲಿಲ್ಲ. ಇನ್ನೊಮ್ಮೆ ಜೋರಾಗಿ ಕೆಮ್ಮಿದೆ. "ನೀರು ಕುಡೀರಿ" ಎಂದರು ಮೇಡಂ.

ಪುಟ್ಟಿ ಗೂಟದ ಹತ್ತಿರ ನಡೆದುಹೋದಳು. ಗೂಟ ಕೈ ಮುಟ್ಟಿದರೆ ಎದ್ದು ಬರುವಷ್ಟು ಸಡಿಲ. ಬುಡದಲ್ಲಿ ಗೊರಸು ತುಳಿದು ತುಳಿದು ಆದ ದಾರಿ, ದಿಬ್ಬದ ಹಿಂದಕ್ಕೆ. ಅವಳು ತುಂಬಾ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನನ್ನು. ಆ ಮುಖ ಮರೆಯುವುದಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಲಾರದ ಮುಖ ಅದು.

"ಮೊಲ" ಎಂದಳು.

"ಪುಟ್ಟಿ..."

"ಯಾವಾಗಿಂದ ಮಾವ?"

ಇಂದೊಂದೇ ದಿನ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆ ಕೆಲಸಗಾರ ಒಂದು ವೈರು ಬಿಚ್ಚಿ ಸುತ್ತುತ್ತಿದ್ದ.

"ಮೊದಲ್ನೇ ಲೆಕ್ಕ ಬಂದ ಮರುದಿನದಿಂದ" ಎಂದೆ. "ನೀನು ವ್ಯಾನಲ್ಲಿ ಹೋದ ಮೇಲೆ. ದಿನಾ ಬಿಟ್ಟಿದ್ದೀನಿ. ಸೊಂಟ ಹಿಡ್ಕೊಂಡು ಮಲಗಿದ್ದೆನಲ್ಲ, ಆಗ ಮಾತ್ರ ಇಲ್ಲ. ಮೊನ್ನೆ ಗುರುವಾರದಿಂದ ಇಲ್ಲ."

ಮೇಡಂ ಕಡೆಯಿಂದ ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬರಲಿಲ್ಲ. ಪುಟ್ಟಿ ಓಡಿದ ಸದ್ದು ಕೇಳಿಸಿತು. ಒಳಗಿಂದ ಅವಳ ಕಂಪ್ಯೂಟರ್ ತಂದು ಜಗುಲಿಯ ಮೇಲಿಟ್ಟು ಏನೇನೋ ಒತ್ತಿದಳು. ಪರದೆಯ ಮೇಲೆ ಒಂದು ಗೆರೆ, ನೀಲಿ ಹಸುಗಳ ದಿನದಿನದ ಗಾಳಿಯ ಲೆಕ್ಕ. ಗೆರೆ ಇಳಿಯುತ್ತಾ ಬಂದು, ನಡುವೆ ಗೂನು ಬೆನ್ನಿನ ಹಾಗೆ ಎದ್ದು, ಮತ್ತೆ ಇಳಿದಿತ್ತು. ಕೊನೆಯಲ್ಲಿ ತಲೆ ಎತ್ತಿತ್ತು.

"ಈ ಗೂನು ಯಾಕೆ ಅಂತ ಹದಿನೈದು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ ಮೇಡಂ" ಎಂದಳು. "ಇದು ಮಾವನ ಸೊಂಟ!"

ಮೇಡಂ ಬಗ್ಗಿ ನೋಡಿದರು. "ಅವೇ ಹಸುಗಳು, ಅದೇ ಕೊಟ್ಟಿಗೆ. ಬದಲಾಗಿದ್ದು ಹುಲ್ಲು ಮಾತ್ರ" ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಕೆಲಸಗಾರನಿಗೆ ಕೈ ಮಾಡಿದರು. "ವೈರ್ ವಾಪಸ್ ಹಾಕಪ್ಪ."

ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳ ಬಂತು. ನಮ್ಮ ಮೇಷ್ಟ್ರು ನಾನು ಶಾಲೆ ಬಿಡುವವರೆಗೆ ಕಂತಿನಲ್ಲಿ ಬೈದದ್ದೆಲ್ಲ ಒಂದೇ ಉಸಿರಿಗೆ ಬಂತು. ಹಾಳು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ, ಎಲ್ಲವನ್ನೂ ಮೊದಲಿಂದ ಮಾಡಬೇಕು, ಇನ್ನೊಂದು ವರ್ಷ ಬೇಕು ಎಂದರು. ಕೊನೆಗೆ ಕೇಳಿದರು. "ಹುಲ್ಲು ಬೋಳಾಗದ ಹಾಗೆ ದಿನಾ ಹೇಗೆ ಬಿಟ್ರಿ? ಯಾವಾಗ ಬಿಡ್ಬೇಕು, ಯಾವಾಗ ತೆಗೀಬೇಕು ಅಂತ ಯಾರು ಹೇಳಿದ್ರು?"

"ಮೂರನೇ ಎಲೆ ನೋಡಿ ಬಿಡೋದು, ಗೇಣುದ್ದ ಇರೋವಾಗ ತೆಗಿಯೋದು. ಇದರಲ್ಲಿ ಹೇಳೋಕೆ ಏನಿದೆ?" ಎಂದೆ.

ಮೇಡಂ ಪುಟ್ಟಿಯ ಮುಖ ನೋಡಿದರು. ಪುಟ್ಟಿ ನನ್ನ ಮುಖ ನೋಡಲಿಲ್ಲ.

ಒಂದು ವರ್ಷ! ಅವಳು ಇಲ್ಲೇ ಇರುತ್ತಾಳೆ. ಆದರೆ ರಾತ್ರಿ ಊಟಕ್ಕೆ ನನ್ನ ಜೊತೆ ಕೂರಲಿಲ್ಲ.

ಅಕ್ಟೋಬರ್ 14

ಮಾತಿಲ್ಲ. ತಟ್ಟೆ ನನ್ನ ಮುಂದಿಟ್ಟು ಹೋದಳು, ನೆಂಟರಿಗೆ ಇಟ್ಟ ಹಾಗೆ.

ಅಕ್ಟೋಬರ್ 16

ಬೆಳಿಗ್ಗೆ ಪುಟ್ಟಿಯ ಕಡೆಯ ಹುಲ್ಲಿನಲ್ಲಿ ಮಂಡಿಯೂರಿ ಕುಳಿತಿದ್ದೆ. ನನ್ನ ಕಡೆಯ ಸೊಂಟದೆತ್ತರದ ದಂಟನ್ನೆಲ್ಲ ನಿನ್ನೆಯೇ ಆಳು ಹಿಡಿದು ಕತ್ತರಿಸಿ ಹಾಕಿಸಿದ್ದೇನೆ, ನೋಡಿದರೆ ಮೈ ಉರಿಯುತ್ತಿತ್ತು. ಎಲ್ಲ ಮೊದಲಿಂದ ಮಾಡುವುದಾದರೆ ದಂಟು ತಿನ್ನುವ ಗುಂಪು ಬೇರೆ ಯಾರದ್ದಾದರೂ ಆಗಲಿ, ಮೇಡಂ ಇನ್ನೊಬ್ಬರ ಹುಲ್ಲುಗಾವಲು ಹುಡುಕಿಕೊಳ್ಳಲಿ. ನನ್ನ ಹಸುಗಳು ಏನು ಪಾಪ ಮಾಡಿವೆ?

ಹಿಂದೆ ಹೆಜ್ಜೆ ಸದ್ದು. ತಿರುಗಲಿಲ್ಲ. ಪುಟ್ಟಿ ಬಂದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಳು. ಅಳತೆ ಕೋಲು ನೆಲದ ಮೇಲಿಟ್ಟಳು.

"ಮಾವ, ಇವತ್ತು ಯಾವ ಪಟ್ಟಿ?"

"ಆ ಕಲ್ಲಿನ ಹತ್ತಿರದ್ದು. ಇದು ನಾಡಿದ್ದು. ಇನ್ನೂ ಎರಡೇ ಎಲೆ, ಕಣ್ಣು ಕಾಣಲ್ವಾ?"

"ಕಾಣತ್ತೆ" ಎಂದಳು. ಅಷ್ಟು ಹೊತ್ತಿಗೆ ದೊರೆಸಾನಿ ತಂತಿಯ ಆಚೆಯಿಂದ ಕೂಗಿದಳು. ಪುಟ್ಟಿ ನನ್ನ ಕಡೆ ನೋಡದೆಯೇ, "ಹಸು ಈಗ ಏನು ಹೇಳ್ತು ಮಾವ?" ಎಂದಳು.

ಬಾಯಿಗೆ ಏನೂ ಬರಲಿಲ್ಲ. "ಗೊತ್ತಿಲ್ಲ ಕಣೇ" ಎಂದೆ.

ಅವಳು ನಕ್ಕಳು. ಯಾಕೋ ತಿಳಿಯಲಿಲ್ಲ.

ಸಂಜೆ ಡ್ರೈವರ್ ಪಂದ್ಯದ ದುಡ್ಡಿಗೆ ಕಟ್ಟೆಯ ಮೇಲೆ ಕಾಯುತ್ತಿದ್ದ, ಮೋಸ ಸಿಕ್ಕಿಬಿದ್ದ ಮೇಲೆ ನಾನು ಸೋತ ಹಾಗೇ. ಬಿಟ್ಟುಬಿಡುತ್ತಾನೇನೋ ಎಂದು ಬಾಯಿ ತುಂಬ ನಕ್ಕೆ. "ನಗು ಆಮೇಲೆ ಯಜಮಾನ್ರೇ, ನನ್ನ ಹಾರ್ನಿನ ಬಾಡಿಗೆ ಮೊದಲು" ಎಂದು ಕೈ ಚಾಚಿದ. ಎಣಿಸಿಕೊಟ್ಟೆ.

ಮನೆಯಲ್ಲಿ ಇವಳು ಎಷ್ಟು ಹೋಯಿತು ಎಂದು ಕೇಳಿದಳು. ಐನೂರು ಎಂದೆ. ಬೀರುವಿನ ಬೀಗ ನೋಡಿದಳು, ನನ್ನನ್ನು ನೋಡಿದಳು, ಬಟ್ಟೆ ಒಗೆಯುವ ಮಷೀನಿಗೆಂದು ಗೋಡೆಯ ಹತ್ತಿರ ಖಾಲಿ ಮಾಡಿಟ್ಟಿದ್ದ ಜಾಗ ನೋಡಿದಳು. ಆ ಜಾಗಕ್ಕೆ ಬಕೆಟ್ ತಂದಿಟ್ಟಳು.

ಹದಿನಾರು ಸಾವಿರದ ಐನೂರು. ಐನೂರು ಎಂದದ್ದು ಪೂರ್ತಿ ಸುಳ್ಳಲ್ಲ.